ಹಳದಿ ದೀಪ ಆರಿಸುವ ಮೊದಲು ಅದು ಹೇಳುವುದನ್ನು ಓದಿ

ವಾಡಿಯ ಸಿಮೆಂಟ್ ಪುಡಿ, ಶಹಾಬಾದಿನ ಫರ್ಸಿ ಗಣಿಗಳ ದೂಳು, ಚಿತ್ತಾಪುರ–ಸೇಡಂ ಕಡೆಯ ಎರೆಹೊಲದ ರಾಡಿ, ಚಿಂಚೋಳಿ ಕಾಡಿನ ತಿರುವುಗಳು. ನಮ್ಮ ಭಾಗದ ಒಂದು ಕಾರು ಇವೆಲ್ಲವನ್ನೂ ಒಂದೇ ದಿನದಲ್ಲಿ ತುಳಿಯಬಹುದು. ಇಂಥ ದಾರಿಯಲ್ಲಿ ಮೀಟರಿನ ಮೇಲೆ, ಜಾರುವ ಕಾರು ಮತ್ತು ಅದರ ಕೆಳಗೆ ಎರಡು ಡೊಂಕು ಗೆರೆಗಳಿರುವ ಹಳದಿ ದೀಪ ಹೊತ್ತಿದರೆ ಅಚ್ಚರಿಯಿಲ್ಲ. ಅದು ಟ್ರ್ಯಾಕ್ಷನ್ ಕಂಟ್ರೋಲ್ ದೀಪ.

ನಾಲ್ಕೂ ಚಕ್ರಗಳ ಹಬ್ ಬಳಿ ಒಂದೊಂದು ವೇಗದ ಸೆನ್ಸರ್ ಇರುತ್ತದೆ. ಎಳೆಯುವ ಚಕ್ರವೊಂದು ಹಿಡಿತ ತಪ್ಪಿ ಗಿರಕಿ ಹೊಡೆದರೆ ಕಂಪ್ಯೂಟರ್ ಎಂಜಿನ್ನಿನ ಬಲ ತಗ್ಗಿಸುತ್ತದೆ, ಬೇಕಾದರೆ ಆ ಚಕ್ರಕ್ಕಷ್ಟೇ ಬ್ರೇಕ್ ಹಾಕುತ್ತದೆ. ಬ್ರೇಕ್ ಒತ್ತಿದಾಗ ಚಕ್ರಗಳು ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಬಳಸುವುದೂ ಇದೇ ಸೆನ್ಸರುಗಳನ್ನು. 2019ರ ಏಪ್ರಿಲ್‌ನಿಂದ ದೇಶದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಹಾಗಾಗಿ ಈ ಮಾಹಿತಿ ದುಬಾರಿ ಕಾರಿನವರಿಗೆ ಮಾತ್ರವಲ್ಲ.

ಕಲ್ಪನೆ: ದೀಪ ಬಂತೆಂದರೆ ಬ್ರೇಕ್ ಹೋಯಿತು.

ಸತ್ಯ: ರಾಡಿಯಲ್ಲಿ ಮಿನುಗಿ ಆರಿದರೆ ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂದರ್ಥ. ಬಿಡದೆ ಉರಿಯುತ್ತಿದ್ದರೆ ಮೊದಲು ಡ್ಯಾಶ್‌ಬೋರ್ಡಿನ ಆಫ್ ಬಟನ್ ಒತ್ತಿಹೋಗಿದೆಯೇ ನೋಡಿ. ಇಲ್ಲವಾದರೆ ದೋಷವಿದೆ. ಆಗಲೂ ಸಾಮಾನ್ಯ ಬ್ರೇಕ್ ಹಿಡಿಯುತ್ತದೆ. ಆದರೆ ಎಬಿಎಸ್ ದೀಪವೂ ಜೊತೆಗಿದ್ದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಕಚ್ಚಿಕೊಂಡು ಗಾಡಿ ಜಾರಬಹುದು, ನಿಧಾನವಾಗಿ ಓಡಿಸಿ. ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಕೆಂಪು ಬ್ರೇಕ್ ದೀಪ ಉರಿಯುತ್ತಿದ್ದರೆ ಗಾಡಿ ಅಲ್ಲೇ ನಿಲ್ಲಿಸಿ. ಅದು ಬೇರೆಯೇ, ಹೆಚ್ಚು ಗಂಭೀರವಾದ ಎಚ್ಚರಿಕೆ.

ಕಲ್ಪನೆ: ಬ್ಯಾಟರಿಯ ವೈರ್ ಬಿಚ್ಚಿ ಹಾಕಿದರೆ ಸರಿಹೋಗುತ್ತದೆ.

ಸತ್ಯ: ದೀಪ ಆರಬಹುದು, ದೋಷ ಹೋಗುವುದಿಲ್ಲ. ಕೆಲವು ಕಾರುಗಳಲ್ಲಿ ದೋಷದ ದಾಖಲೆ ಅಳಿಸಿ, ಹುಡುಕಬೇಕಾದವರಿಗೆ ಸುಳಿವೇ ಸಿಗದಂತಾಗುತ್ತದೆ. ಇನ್ನು ಕೆಲವುಗಳಲ್ಲಿ ಸ್ಟೀರಿಂಗ್ ಎಷ್ಟು ತಿರುಗಿದೆ ಎಂದು ಅಳೆಯುವ ಸೆನ್ಸರ್ ತನ್ನ ನೇರ ಸ್ಥಾನವನ್ನು ಮರೆತು, ಇಲ್ಲದ ದೀಪವೂ ಹೊತ್ತಿಕೊಳ್ಳುತ್ತದೆ. ಬ್ಯಾಟರಿಯೇ ಸೊರಗಿದ್ದರೂ ಈ ದೀಪ ಬರುವುದುಂಟು. ಆಗ ಅಳೆಯಬೇಕಾದದ್ದು ವೋಲ್ಟೇಜ್.

ಕಲ್ಪನೆ: ದೋಷದ ಕೋಡ್ ಓದುವ ಸ್ಕ್ಯಾನರ್ ‘ಸೆನ್ಸರ್’ ಎಂದಿತೆಂದರೆ ಸೆನ್ಸರ್ ಬದಲಿಸಬೇಕು.

ಸತ್ಯ: ಜೇಬಿನಿಂದ ಹೆಚ್ಚು ಹಣ ವ್ಯರ್ಥವಾಗುವುದು ಇಲ್ಲಿಯೇ. ಸಿ0035 ಎಂಬ ಕೋಡ್ ಮುಂದಿನ ಎಡ ಚಕ್ರದ ವೇಗದ ಸೆನ್ಸರ್ ಸರ್ಕ್ಯೂಟಿನಲ್ಲಿ ತೊಂದರೆ ಎನ್ನುತ್ತದೆ. ಸರ್ಕ್ಯೂಟ್ ಎಂದರೆ ಸೆನ್ಸರ್, ಅದರ ವೈರ್, ಕನೆಕ್ಟರ್ ಎಲ್ಲವೂ. ನಮ್ಮಲ್ಲಿ ಮೊದಲು ನೋಡಬೇಕಾದದ್ದು ಮಡ್‌ಗಾರ್ಡಿನ ಒಳಗೆ. ಎರೆಮಣ್ಣು ಅಲ್ಲಿ ಮೆತ್ತಿಕೊಂಡು ಒಣಗಿ ಗಟ್ಟಿಯಾದರೆ ವೈರನ್ನು ಜಗ್ಗುತ್ತದೆ. ಸಿಮೆಂಟ್ ಪುಡಿ ನೀರು ತಾಗಿದರೆ ಅಲ್ಲೇ ಗಡುಸಾಗುತ್ತದೆ. ಮನೆ ಮುಂದೆ ತಿಂಗಳುಗಟ್ಟಲೆ ನಿಂತ ಗಾಡಿಯ ವೈರನ್ನು ಇಲಿ ಕಡಿದಿರಬಹುದು. ಸೆನ್ಸರಿನ ತುದಿಗೂ ಅದು ಓದುವ ಉಂಗುರಕ್ಕೂ ನಡುವಿನ ಜಾಗ ಸುಮಾರು ಒಂದು ಮಿಲಿಮೀಟರ್. ಅಲ್ಲಿ ತುಕ್ಕು, ಕಬ್ಬಿಣದ ಪುಡಿ ಸೇರಿದರೂ ಲೆಕ್ಕ ತಪ್ಪುತ್ತದೆ.

ಹಾಗಾಗಿ ಮೊದಲು ನೀರಿನಿಂದ ಮೆಲ್ಲಗೆ ತೊಳೆಯಿರಿ. ಪ್ರೆಶರ್ ನೀರನ್ನು ನೇರವಾಗಿ ಕನೆಕ್ಟರಿಗೆ ಹಿಡಿಯಬೇಡಿ. ಆಮೇಲೆ ವೈರ್, ಕನೆಕ್ಟರ್, ಉಂಗುರ ನೋಡಿಸಿ. ಸೆನ್ಸರ್ ಬದಲಿಸುವುದು ಕೊನೆಗೆ. ಚಕ್ರದ ಬೇರಿಂಗ್ ಹಾಕಿಸಿದ ಬೆನ್ನಿಗೇ ದೀಪ ಬಂದಿದ್ದರೆ ಅದನ್ನು ಮೆಕ್ಯಾನಿಕ್‌ಗೆ ಹೇಳಿ: ಎಷ್ಟೋ ಕಾರುಗಳಲ್ಲಿ ಅಯಸ್ಕಾಂತದ ಉಂಗುರ ಬೇರಿಂಗಿನ ಒಂದು ಬದಿಯಲ್ಲೇ ಇರುತ್ತದೆ, ತಿರುವುಮುರುವಾಗಿ ಕೂಡಿಸಿದರೆ ಸೆನ್ಸರಿಗೆ ಏನೂ ಕಾಣುವುದಿಲ್ಲ. ಯಾವ ಕೋಡ್, ಯಾವ ಚಕ್ರ, ಏನು ಮಾಡಿದಿರಿ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಅದನ್ನು ಕೇಳುವುದು ನಿಮ್ಮ ಹಕ್ಕು.

ಕಲ್ಪನೆ: ಮೊಬೈಲಿಗೆ ಜೋಡಿಸುವ ಸಣ್ಣ ಸ್ಕ್ಯಾನರ್ ‘ಕೋಡ್ ಇಲ್ಲ’ ಎಂದರೆ ದೋಷವಿಲ್ಲ.

ಸತ್ಯ: ಅಗ್ಗದ ಸ್ಕ್ಯಾನರುಗಳು ಹೆಚ್ಚಾಗಿ ಎಂಜಿನ್ನಿನ ಕೋಡುಗಳನ್ನಷ್ಟೇ ಓದುತ್ತವೆ. ಎಬಿಎಸ್ ಘಟಕದ ಕೋಡುಗಳನ್ನು ಓದಬಲ್ಲ ಉಪಕರಣವೇ ಬೇಕು. ಚೆಕ್ ಎಂಜಿನ್ ದೀಪವೂ ಉರಿಯುತ್ತಿದ್ದರೆ ಮೊದಲು ಅದನ್ನೇ ಸರಿಪಡಿಸಿ. ಎಂಜಿನ್ ದೋಷ ಕಂಡಾಗ ಹಲವು ಕಾರುಗಳು ಟ್ರ್ಯಾಕ್ಷನ್ ಕಂಟ್ರೋಲನ್ನು ತಾವೇ ನಿಲ್ಲಿಸಿಬಿಡುತ್ತವೆ.

ಕಲ್ಪನೆ: ಟೈರಿಗೂ ಈ ದೀಪಕ್ಕೂ ಸಂಬಂಧವಿಲ್ಲ.

ಸತ್ಯ: ಬೇರೆ ಅಳತೆಯ ಟೈರ್ ಒಂದು ಚಕ್ರಕ್ಕೆ ಹಾಕಿದರೆ ಅದು ಉಳಿದವುಗಳಿಗಿಂತ ಬೇರೆ ವೇಗದಲ್ಲಿ ತಿರುಗುತ್ತದೆ. ಕಂಪ್ಯೂಟರ್ ಅದನ್ನು ಜಾರುವಿಕೆ ಎಂದೋ ದೋಷವೆಂದೋ ಓದಬಹುದು. ಗಾಳಿ ಮತ್ತು ಅಳತೆ ನೋಡಲು ಖರ್ಚೇ ಇಲ್ಲ. ಅಲ್ಲಿಂದಲೇ ಶುರು ಮಾಡಿ.

ಕಲ್ಪನೆ: ಟ್ರ್ಯಾಕ್ಷನ್ ಕಂಟ್ರೋಲ್ ಇದ್ದರೆ ರಾಡಿಗೂ ನೀರಿಗೂ ಹೆದರಬೇಕಿಲ್ಲ.

ಸತ್ಯ: ಹಿಡಿತ ಇರುವುದು ಟೈರು ಮತ್ತು ನೆಲದ ನಡುವೆ. ಈ ವ್ಯವಸ್ಥೆ ಇದ್ದ ಹಿಡಿತವನ್ನು ಉಳಿಸಿಕೊಡುತ್ತದೆ, ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ಎರೆಯ ಆಳ ರಾಡಿಯಲ್ಲಿ ಅದು ಎಂಜಿನ್ನಿನ ಬಲ ಕಡಿದು ಗಾಡಿಯನ್ನು ಅಲ್ಲೇ ನಿಲ್ಲಿಸಬಹುದು. ಆಗ ಬಟನ್ ಒತ್ತಿ ಬಂದ್ ಮಾಡಿ, ಮೆಲ್ಲಗೆ ಹೊರಬಂದು, ಡಾಂಬರಿಗೆ ಬಂದ ಕೂಡಲೇ ಮತ್ತೆ ಚಾಲೂ ಮಾಡಿ.

ನೀರಿನ ವಿಷಯದಲ್ಲಿ ಮಾತ್ರ ಯಾವ ಬಟನ್ನೂ ನೆರವಿಗೆ ಬರದು. ಕಾಗಿಣಾ ನದಿ ಉಕ್ಕಿ ಸೇತುವೆಯ ಮೇಲೆ ಹರಿಯುವಾಗ ನೀರು ಕಾರನ್ನು ಎತ್ತಿ ಅಡ್ಡಕ್ಕೆ ದೂಡುತ್ತದೆ. ಟೈರು ನೆಲ ಬಿಟ್ಟ ಮೇಲೆ ನಿಯಂತ್ರಿಸಲು ಏನೂ ಉಳಿಯುವುದಿಲ್ಲ. ಮೀಟರಿನಲ್ಲಿ ಒಂದು ದೀಪವೂ ಇಲ್ಲದ ಹೊಚ್ಚ ಹೊಸ ಕಾರಾದರೂ ಸರಿ, ನೀರು ಇಳಿಯುವವರೆಗೆ ದಯವಿಟ್ಟು ಕಾಯಿರಿ.