ಸುಂಟರಗಾಳಿ: ಎಚ್ಚರಿಕೆ ಸಿಕ್ಕ ಮೇಲಿನ ಹತ್ತು ನಿಮಿಷ

ಸುಂಟರಗಾಳಿಯ ಆಯುಸ್ಸು ಬಲು ಕಿರಿದು. ಹೆಚ್ಚಿನವು ಹತ್ತು ನಿಮಿಷದೊಳಗೆ ಹುಟ್ಟಿ, ಕೆಲವು ಕಿಲೋಮೀಟರ್ ಓಡಿ, ಕರಗಿಹೋಗುತ್ತವೆ. ಸಮುದ್ರದ ಮೇಲೆ ದಿನಗಟ್ಟಲೆ ಬಲಿತು, ಹೆಸರಿಟ್ಟುಕೊಂಡು ಬರುವ ಚಂಡಮಾರುತಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಚಂಡಮಾರುತ ಬರುತ್ತದೆಂದರೆ ಕರಾವಳಿಯ ಊರೂರುಗಳನ್ನೇ ತೆರವು ಮಾಡಿಸಬಹುದು. ಸುಂಟರಗಾಳಿ ಅಷ್ಟು ಪುರಸೊತ್ತು ಕೊಡುವುದಿಲ್ಲ. ದೇಶದ ತುಂಬ ರಾಡಾರ್‌ಗಳನ್ನು ನಿಲ್ಲಿಸಿಕೊಂಡಿರುವ ಅಮೆರಿಕದಲ್ಲೂ ಎಚ್ಚರಿಕೆ ಹೊರಬಿದ್ದು ಗಾಳಿ ಅಪ್ಪಳಿಸುವ ನಡುವೆ ಸಿಗುವುದು ಸರಾಸರಿ ಹತ್ತು ನಿಮಿಷದ ಆಸುಪಾಸು. ಅಷ್ಟರಲ್ಲಿ ಏನು ಮಾಡುವುದೆಂದು ಯೋಚಿಸುತ್ತಾ ಕೂರಲಾಗದು. ಮೊದಲೇ ಯೋಚಿಸಿ ಇಟ್ಟುಕೊಂಡದ್ದನ್ನು ಮಾಡಬಹುದು, ಅಷ್ಟೆ.

ಹುಟ್ಟುವುದು ಹೇಗೆ?

ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1,200 ಸುಂಟರಗಾಳಿಗಳು ಏಳುತ್ತವೆ. ಜಗತ್ತಿನ ಬೇರಾವ ದೇಶದಲ್ಲೂ ಇಷ್ಟು ಇಲ್ಲ. ಇದಕ್ಕೆ ಆ ನೆಲದ ಭೂಗೋಳವೇ ಕಾರಣ. ದಕ್ಷಿಣದ ಮೆಕ್ಸಿಕೋ ಕೊಲ್ಲಿಯಿಂದ ಬೆಚ್ಚಗಿನ, ತೇವ ತುಂಬಿದ ಗಾಳಿ ನೆಲಕ್ಕೆ ಹತ್ತಿರದಲ್ಲಿ ಬೀಸಿ ಬರುತ್ತದೆ. ಪಶ್ಚಿಮದ ಎತ್ತರದ ಒಣನಾಡು ಮತ್ತು ರಾಕಿ ಪರ್ವತಗಳ ಕಡೆಯಿಂದ ಬರುವ ಒಣಗಾಳಿ ಅದರ ಮೇಲೆ ಹರಡಿಕೊಳ್ಳುತ್ತದೆ. ಇನ್ನೂ ಮೇಲೆ ಜೆಟ್ ಪ್ರವಾಹ ರಭಸದಿಂದ ಹರಿಯುತ್ತಿರುತ್ತದೆ. ಈ ಮೂರೂ ಕೂಡುವ ಟೆಕ್ಸಸ್, ಒಕ್ಲಹೋಮ, ಕ್ಯಾನ್ಸಸ್, ನೆಬ್ರಾಸ್ಕದ ಬಯಲಿನಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ, ಅದರಲ್ಲೂ ಮಧ್ಯಾಹ್ನ ಇಳಿದ ಮೇಲೆ, ದೈತ್ಯ ಗುಡುಗುಮೋಡಗಳು ಏಳುತ್ತವೆ.

ನೆಲದ ಬಳಿಯ ಗಾಳಿ ನಿಧಾನ, ಮೇಲಿನದು ವೇಗ, ದಿಕ್ಕೂ ಬೇರೆ. ಹತ್ತಿಯನ್ನು ಎರಡು ಅಂಗೈಗಳ ನಡುವೆ ಇಟ್ಟು ಬತ್ತಿ ಹೊಸೆದಂತೆ, ಈ ಎರಡು ಪದರಗಳ ನಡುವಿನ ಗಾಳಿ ಅಡ್ಡಡ್ಡಲಾಗಿ ಉರುಳತೊಡಗುತ್ತದೆ. ಕಾದ ಗಾಳಿ ಮೋಡದೊಳಕ್ಕೆ ಏರುವಾಗ ಈ ಅಡ್ಡ ಸುರುಳಿಯನ್ನೂ ಎತ್ತಿ ನೆಟ್ಟಗೆ ನಿಲ್ಲಿಸುತ್ತದೆ. ಆಗ ಇಡೀ ಮೋಡದ ಒಡಲೇ ಕೆಲವು ಕಿಲೋಮೀಟರ್ ಅಗಲಕ್ಕೆ ನಿಧಾನವಾಗಿ ತಿರುಗುತ್ತದೆ. ಇಂಥ ಮೋಡವನ್ನು ಸೂಪರ್‌ಸೆಲ್ ಎನ್ನುತ್ತಾರೆ. ಬಹುಪಾಲು ಸೂಪರ್‌ಸೆಲ್‌ಗಳು ಮಳೆ, ಆಲಿಕಲ್ಲು ಸುರಿಸಿ ಸುಮ್ಮನಾಗುತ್ತವೆ. ಕೆಲವೇ ಕೆಲವು ಮೋಡಗಳ ಅಡಿಯಲ್ಲಿ ಈ ತಿರುಗಾಟ ಕಿರಿದಾಗುತ್ತಾ, ಕಿರಿದಾದಷ್ಟೂ ಬಿರುಸಾಗುತ್ತಾ ನೆಲ ಮುಟ್ಟುತ್ತದೆ. ಅದೇ ಸುಂಟರಗಾಳಿ. ಸುಳಿಯ ನಡುವೆ ಒತ್ತಡ ಕುಸಿದು ತೇವ ಹನಿಗಟ್ಟುವುದರಿಂದ ಆಲಿಕೆಯ ಆಕಾರ ಕಣ್ಣಿಗೆ ಬೀಳುತ್ತದೆ. ಆದರೆ ಆಲಿಕೆ ನೆಲ ಮುಟ್ಟಿದಂತೆ ಕಾಣದಿದ್ದರೂ ಕೆಳಗೆ ಗಾಳಿ ಸುತ್ತುತ್ತಿರಬಹುದು. ಮಳೆಯ ಪರದೆಯ ಹಿಂದೆ, ರಾತ್ರಿಯ ಕತ್ತಲಲ್ಲಿ ಏನೂ ಕಾಣದೆಯೂ ಇರಬಹುದು. ಹಾಗಾಗಿ ಕಣ್ಣಾರೆ ಕಂಡ ಮೇಲೆ ಓಡುತ್ತೇನೆ ಎನ್ನುವುದು ಅಪಾಯದ ಲೆಕ್ಕ.

ಮನೆ ಕಳಚುವ ಬಗೆ

ಸುಂಟರಗಾಳಿ ಮನೆಯನ್ನು ಹೇಗೆ ಕೆಡವುತ್ತದೆ ಎಂಬುದನ್ನು ಹಂತಹಂತವಾಗಿ ನೋಡಿದರೆ ಎಲ್ಲಿ ಅಡಗಬೇಕೆಂಬುದೂ ತಿಳಿಯುತ್ತದೆ. ಅಮೆರಿಕದ ಹೆಚ್ಚಿನ ಮನೆಗಳು ಮರದ ಚೌಕಟ್ಟಿನವು. ಮೊದಲು ಕಿಟಕಿಯ ಗಾಜೋ ಗ್ಯಾರೇಜಿನ ಅಗಲ ಬಾಗಿಲೋ ಒಡೆಯುತ್ತದೆ. ಒಳನುಗ್ಗಿದ ಗಾಳಿ ಚಾವಣಿಯನ್ನು ಕೆಳಗಿನಿಂದ ದೂಡುತ್ತದೆ, ಮೇಲೆ ಹಾಯುವ ಗಾಳಿ ಎಳೆಯುತ್ತದೆ. ಚಾವಣಿ ಹಾರಿದರೆ ಹೊರಗೋಡೆಗಳಿಗೆ ಆಧಾರ ತಪ್ಪಿ ಒಂದೊಂದಾಗಿ ಬೀಳುತ್ತವೆ. ಕೊನೆಗೆ ಉಳಿಯುವುದು, ಉಳಿದರೆ, ಮನೆಯ ನಟ್ಟನಡುವಿನ ಸಣ್ಣ ಕೋಣೆ: ಬಚ್ಚಲು, ಬಟ್ಟೆಯ ಕೋಣೆ ಅಥವಾ ಮೆಟ್ಟಿಲ ಕೆಳಗಿನ ಜಾಗ. ಇಷ್ಟೂ ನಡೆಯಲು ಕೆಲವು ಸೆಕೆಂಡು ಸಾಕು. ಹೆಚ್ಚಿನವರು ಸಾಯುವುದು ಗಾಳಿ ಎತ್ತಿ ಎಸೆದ ಹಲಗೆ, ಇಟ್ಟಿಗೆ, ತಗಡು, ಗಾಜು ಬಡಿದು, ಇಲ್ಲವೇ ಕುಸಿದ ಗೋಡೆಯ ಅಡಿ ಸಿಕ್ಕಿ.

ಹೀಗೆ ಹಾನಿಯನ್ನು ಓದುವ ವಿದ್ಯೆಯನ್ನು ಬೆಳೆಸಿದವರಲ್ಲಿ ದೊಡ್ಡ ಹೆಸರು ಟೆಟ್ಸುಯಾ ಫುಜಿಟಾ. 1920ರಲ್ಲಿ ಜಪಾನಿನಲ್ಲಿ ಹುಟ್ಟಿದ ಇವರು ಅಣುಬಾಂಬು ಬಿದ್ದ ಊರುಗಳಲ್ಲಿ ಮರಗಳು ಯಾವ ದಿಕ್ಕಿಗೆ ಬಿದ್ದಿವೆ, ಏನು ಎಲ್ಲಿ ಸುಟ್ಟಿದೆ ಎಂದು ಅಧ್ಯಯನ ಮಾಡಿದ್ದರು. ಮುಂದೆ ಷಿಕಾಗೋ ವಿಶ್ವವಿದ್ಯಾಲಯ ಸೇರಿ, ಸುಂಟರಗಾಳಿ ಹಾಯ್ದ ಜಾಡುಗಳ ಮೇಲೆ ಸಣ್ಣ ವಿಮಾನದಲ್ಲಿ ಹಾರಾಡಿ ಚಿತ್ರ ತೆಗೆದರು. 1971ರಲ್ಲಿ ಅವರು ಕೊಟ್ಟ ಮಾಪಕವೇ ತಿದ್ದುಪಡಿಗೊಂಡು 2007ರಿಂದ ಅಮೆರಿಕದಲ್ಲಿ ಇಎಫ್ ಮಾಪಕ ಎಂಬ ಹೆಸರಿನಲ್ಲಿ ಬಳಕೆಯಲ್ಲಿದೆ. ಇಎಫ್-0ರಲ್ಲಿ ಗಾಳಿಯ ವೇಗ ಗಂಟೆಗೆ 105ರಿಂದ 137 ಕಿ.ಮೀ.; ಹೆಂಚು, ಕೊಂಬೆ ಹಾರುವಷ್ಟು. ಇಎಫ್-5 ಎಂದರೆ 322 ಕಿ.ಮೀ.ಗೂ ಮೇಲೆ, ಗಟ್ಟಿಯಾಗಿ ಕಟ್ಟಿದ ಮನೆಯ ತಳಪಾಯದ ಚಪ್ಪಡಿ ಮಾತ್ರ ಉಳಿಯುತ್ತದೆ. ವೇಗವನ್ನು ನೇರವಾಗಿ ಅಳೆಯುವುದು ಅಪರೂಪ. ಗಾಳಿ ಹೋದ ಮೇಲೆ ತಜ್ಞರು ಬಂದು, ಯಾವ ಬಗೆಯ ಕಟ್ಟಡ ಎಷ್ಟು ಕೆಟ್ಟಿದೆ ಎಂದು ನೋಡಿ ದರ್ಜೆ ಕೊಡುತ್ತಾರೆ.

ಎಚ್ಚರಿಕೆ ಬರುವ ದಾರಿ

ಜನ ದಿಗಿಲುಬೀಳುತ್ತಾರೆಂಬ ಭಯದಿಂದ, ಅಮೆರಿಕದ ಹವಾಮಾನ ವರದಿಗಳಲ್ಲಿ ಸುಂಟರಗಾಳಿಯ ಹೆಸರನ್ನೇ ಎತ್ತಬಾರದೆಂಬ ಕಟ್ಟಳೆ ದಶಕಗಳ ಕಾಲ ಇತ್ತು. 1925ರ ಮಾರ್ಚ್ 18ರಂದು ಮಿಸೌರಿ, ಇಲಿನಾಯ್, ಇಂಡಿಯಾನಾ ರಾಜ್ಯಗಳ ಮೇಲೆ ಮೂರೂವರೆ ಗಂಟೆ ಓಡಿದ ಸುಂಟರಗಾಳಿ 695 ಜನರನ್ನು ಬಲಿ ತೆಗೆದುಕೊಂಡಾಗ ಯಾವ ಎಚ್ಚರಿಕೆಯೂ ಇರಲಿಲ್ಲ. 1948ರ ಮಾರ್ಚ್ 20ರಂದು ಒಕ್ಲಹೋಮದ ಟಿಂಕರ್ ವಾಯುನೆಲೆಗೆ ಸುಂಟರಗಾಳಿ ಬಡಿದು ವಿಮಾನಗಳು ನುಚ್ಚುನೂರಾದವು. ಅಲ್ಲಿನ ಇಬ್ಬರು ಅಧಿಕಾರಿಗಳು, ಅರ್ನೆಸ್ಟ್ ಫಾಬುಶ್ ಮತ್ತು ರಾಬರ್ಟ್ ಮಿಲ್ಲರ್, ಹಳೆಯ ನಕ್ಷೆಗಳನ್ನು ಹರಡಿಕೊಂಡು ಕೂತರು. ಐದೇ ದಿನದ ಮೇಲೆ, ಅಂಥದೇ ಹವೆ ಕಂಡು ಮುನ್ಸೂಚನೆ ಕೊಟ್ಟರು. ಅಂದೇ ಸಂಜೆ ಅದೇ ನೆಲೆಗೆ ಮತ್ತೊಮ್ಮೆ ಸುಂಟರಗಾಳಿ ಬಡಿಯಿತು!

ಈಗ ಅಲ್ಲಿ ಎರಡು ಹಂತದ ಸೂಚನೆಗಳಿವೆ. 'ವಾಚ್' ಎಂದರೆ ಹವೆ ಹದವಾಗಿದೆ, ಮುಂದಿನ ಕೆಲವು ಗಂಟೆ ಹುಷಾರಾಗಿರಿ. 'ವಾರ್ನಿಂಗ್' ಎಂದರೆ ಸುಂಟರಗಾಳಿ ಕಂಡಿದೆ ಅಥವಾ ರಾಡಾರಿನಲ್ಲಿ ಮೋಡದ ತಿರುಗಾಟ ಸಿಕ್ಕಿದೆ, ಈಗಲೇ ಅಡಗಿ. ಡಾಪ್ಲರ್ ರಾಡಾರು ಮಳೆಹನಿಗಳು ತನ್ನತ್ತ ಬರುತ್ತಿವೆಯೋ ದೂರ ಸರಿಯುತ್ತಿವೆಯೋ ಎಂದು ಗುರುತಿಸುತ್ತದೆ. ಒಂದೇ ಜಾಗದಲ್ಲಿ ಎರಡೂ ಅಕ್ಕಪಕ್ಕ ಕಂಡರೆ ಅಲ್ಲಿ ಗಾಳಿ ತಿರುಗುತ್ತಿದೆ ಎಂದರ್ಥ.

ಆದರೆ ತಿರುಗುವ ಮೋಡಗಳೆಲ್ಲ ನೆಲ ಮುಟ್ಟುವುದಿಲ್ಲವಲ್ಲ. ಹಾಗಾಗಿ ಹತ್ತು ವಾರ್ನಿಂಗ್‌ಗಳಲ್ಲಿ ಏಳರಷ್ಟು ಹುಸಿಯಾಗುತ್ತವೆ. ತೊಡಕು ಇರುವುದು ಇಲ್ಲೇ.

ಜಾಪ್ಲಿನ್ ಕಲಿಸಿದ ಪಾಠ

2011ರ ಮೇ 22, ಭಾನುವಾರ. ಮಿಸೌರಿ ರಾಜ್ಯದ ಜಾಪ್ಲಿನ್ ಊರಿನಲ್ಲಿ ಸಂಜೆ ಐದು ದಾಟಿದ ಮೇಲೆ ಸೈರನ್ ಕೂಗಿತು. ಅದಾಗಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತಿನ ಮೇಲೆ ಸುಂಟರಗಾಳಿ ಊರೊಳಗೆ ಬಂತು. ಸರಾಸರಿಗಿಂತ ದುಪ್ಪಟ್ಟು ಸಮಯ. ಆದರೂ ಸುಮಾರು 160 ಜನ ಸತ್ತರು. ಅದು ಇಎಫ್-5 ಎಂಬುದು ನಿಜ. ಆದರೆ ತನಿಖೆಯಲ್ಲಿ ಇನ್ನೊಂದು ಸಂಗತಿ ಹೊರಬಂತು. ಮೊದಲ ಸೈರನ್ ಕೇಳಿದಾಗ ಬಹಳಷ್ಟು ಜನ ಕೂಡಲೇ ಅಡಗಲಿಲ್ಲ. ಇದು ಮಾಮೂಲಿ ಎಂದುಕೊಂಡವರು ಕೆಲವರು. ಟಿವಿ ಹಾಕಿ, ಬಾಗಿಲಿಗೆ ಬಂದು ಆಕಾಶ ನೋಡಿ, ನೆಂಟರಿಗೆ ಫೋನು ಮಾಡಿ ಖಚಿತ ಮಾಡಿಕೊಳ್ಳಲು ಹೊರಟವರು ಹಲವರು.

ಏಳು ಸಲ ಹುಸಿಯಾದ ಎಚ್ಚರಿಕೆಯನ್ನು ಎಂಟನೆಯ ಸಲ ನಂಬುವುದು ಸುಲಭವಲ್ಲ. ಆದರೆ ಹುಸಿಯಾದ ದಿನ ಬಚ್ಚಲಲ್ಲಿ ಕೂತು ಕಳೆದುಕೊಳ್ಳುವುದು ಅರ್ಧ ಗಂಟೆ ಮಾತ್ರ. ಖಚಿತ ಮಾಡಿಕೊಳ್ಳಬೇಕೆಂದರೆ ಅಡಗಿದ ಜಾಗದಲ್ಲೇ ಕೂತು ಮೊಬೈಲಿನಲ್ಲಿ ನೋಡಬಹುದು.

ಎಲ್ಲಿ ಅಡಗಬೇಕು?

ನೆಲಮಾಳಿಗೆ ಇದ್ದರೆ ಅದೇ ಉತ್ತಮ. ಇಲ್ಲದಿದ್ದರೆ ಎಲ್ಲಕ್ಕಿಂತ ಕೆಳಗಿನ ಅಂತಸ್ತಿನಲ್ಲಿ, ಕಿಟಕಿ ಇಲ್ಲದ, ಮನೆಯ ನಡುವಿನ ಸಣ್ಣ ಕೋಣೆ. ಹೊರಗಿನ ಗಾಳಿಗೂ ನಿಮಗೂ ನಡುವೆ ಎಷ್ಟು ಹೆಚ್ಚು ಗೋಡೆಗಳಿದ್ದರೆ ಅಷ್ಟು ಒಳ್ಳೆಯದು. ಮೊಣಕಾಲೂರಿ ಬಾಗಿ ಕೂತು ತಲೆ, ಕತ್ತನ್ನು ಕೈಯಿಂದ ಮುಚ್ಚಿಕೊಳ್ಳಬೇಕು. ಸೈಕಲ್ಲಿನದೋ ಬೈಕಿನದೋ ಹೆಲ್ಮೆಟ್ ಇದ್ದರೆ ಹಾಕಿಕೊಳ್ಳಿ, ಹಾಸಿಗೆಯೋ ದಪ್ಪ ಕಂಬಳಿಯೋ ಇದ್ದರೆ ಹೊದ್ದುಕೊಳ್ಳಿ. ಕಾಲಿಗೆ ಶೂ ಇರಲಿ; ಆಮೇಲೆ ಮೊಳೆ, ಗಾಜಿನ ಮೇಲೆ ನಡೆದು ಗಾಯವಾಗುವವರು ಬಹಳ.

ಗಾಲಿಯ ಮೇಲೆ ತಂದು ನಿಲ್ಲಿಸಿದ ಮೊಬೈಲ್ ಹೋಮ್‌ಗಳಲ್ಲಿ ಇರುವವರು ಮಾತ್ರ ಮನೆ ಬಿಡಲೇಬೇಕು. ಸಾಧಾರಣ ಸುಂಟರಗಾಳಿಗೂ ಅವು ಮಗುಚಿಬೀಳುತ್ತವೆ. ವಾಚ್ ಬಂದಾಗಲೇ ಗಟ್ಟಿ ಕಟ್ಟಡಕ್ಕೆ ಹೋಗಿಬಿಡುವುದು ಲೇಸು.

ಒತ್ತಡ ಸರಿದೂಗಲೆಂದು ಕಿಟಕಿ ತೆರೆದಿಡಬೇಕು ಎಂಬ ಮಾತು ಹಿಂದೆ ಬಹಳ ಚಾಲ್ತಿಯಲ್ಲಿತ್ತು. ಅದು ತಪ್ಪು. ಕಿಟಕಿ ತೆರೆಯುವುದೆಂದರೆ ಚಾವಣಿ ಎತ್ತುವ ಗಾಳಿಗೆ ನೀವೇ ದಾರಿ ಮಾಡಿಕೊಟ್ಟಂತೆ. ಮೇಲಾಗಿ ನೀವು ಗಾಜಿನ ಎದುರಿಗೇ ಹೋಗಿ ನಿಂತಿರುತ್ತೀರಿ.

ಕಾರಿನಲ್ಲಿದ್ದರೆ

2013ರ ಮೇ 31ರಂದು ಒಕ್ಲಹೋಮದ ಎಲ್ ರೀನೋ ಬಳಿ ಎದ್ದ ಸುಂಟರಗಾಳಿ 4.2 ಕಿ.ಮೀ. ಅಗಲವಿತ್ತು, ಈವರೆಗೆ ಅಳೆದವುಗಳಲ್ಲಿ ಅತಿ ಅಗಲದ್ದು. ಹನ್ನೊಂದು ದಿನ ಮೊದಲಷ್ಟೇ ಪಕ್ಕದ ಮೂರ್ ಊರಿನಲ್ಲಿ 24 ಜನ ಸತ್ತದ್ದನ್ನು ಕಂಡಿದ್ದ ಜನ ಗಾಬರಿಯಿಂದ ಕಾರು ಹತ್ತಿ ಹೊರಟು, ಹೆದ್ದಾರಿಗಳು ಕಿಕ್ಕಿರಿದು ನಿಂತವು. ಸುಂಟರಗಾಳಿಗಳನ್ನು ದಶಕಗಳಿಂದ ಅಧ್ಯಯನ ಮಾಡಿದ್ದ ಟಿಮ್ ಸಾಮರಸ್, ಅವರ ಮಗ ಪಾಲ್ ಮತ್ತು ಸಂಗಡಿಗ ಕಾರ್ಲ್ ಯಂಗ್ ಅಂದು ತಮ್ಮ ಕಾರಿನಲ್ಲೇ ಸಿಕ್ಕಿ ಸತ್ತರು. ಅಷ್ಟು ಬಲ್ಲವರಿಗೂ ಅದರ ದಿಕ್ಕು, ವೇಗ ದಕ್ಕಲಿಲ್ಲ.

ದಾರಿಯಲ್ಲಿ ಗಟ್ಟಿ ಕಟ್ಟಡ ಸಿಕ್ಕರೆ ಒಳಗೆ ಹೋಗಿ. ಸಿಗದಿದ್ದರೆ ಎರಡೇ ದಾರಿ. ಸೀಟ್ ಬೆಲ್ಟ್ ಹಾಕಿಕೊಂಡೇ ಕಿಟಕಿಯ ಮಟ್ಟಕ್ಕಿಂತ ಕೆಳಗೆ ಬಾಗಿ ತಲೆ ಮುಚ್ಚಿಕೊಳ್ಳುವುದು ಒಂದು. ರಸ್ತೆಗಿಂತ ಚೆನ್ನಾಗಿ ತಗ್ಗಿರುವ ಹಳ್ಳ ಕಂಡರೆ ಕಾರು ಬಿಟ್ಟು ಅಲ್ಲಿ ಬೋರಲು ಮಲಗುವುದು ಇನ್ನೊಂದು. ಮೇಲ್ಸೇತುವೆಯ ಅಡಿಗೆ ಮಾತ್ರ ಹೋಗಬಾರದು. 1991ರಲ್ಲಿ ಕ್ಯಾನ್ಸಸ್‌ನಲ್ಲಿ ಹಾಗೆ ಅಡಗಿ ಬದುಕುಳಿದವರ ವಿಡಿಯೋ ಟಿವಿಗಳಲ್ಲಿ ಮತ್ತೆಮತ್ತೆ ಬಂದು, ಅದೇ ಸುರಕ್ಷಿತ ಎಂಬ ನಂಬಿಕೆ ಬೆಳೆಯಿತು. 1999ರ ಮೇ 3ರಂದು ಒಕ್ಲಹೋಮದಲ್ಲಿ ಮೂವರು ಮೇಲ್ಸೇತುವೆಗಳ ಅಡಿಯಲ್ಲೇ ಸತ್ತರು. ಸೇತುವೆಯ ಇಕ್ಕಟ್ಟಿನಲ್ಲಿ ಗಾಳಿಯ ರಭಸ ಏರುತ್ತದೆ, ಹಾರಿಬರುವ ವಸ್ತುಗಳೂ ಅಲ್ಲಿಂದಲೇ ನುಗ್ಗುತ್ತವೆ.

ಕನ್ನಡಿಗರು ಇರುವ ಊರುಗಳಲ್ಲಿ

ಡಲ್ಲಾಸ್ ಸುತ್ತಮುತ್ತ ಸಾಕಷ್ಟು ಕನ್ನಡ ಕುಟುಂಬಗಳಿವೆ. 2015ರ ಡಿಸೆಂಬರ್ 26ರಂದು, ಅಂದರೆ ಋತುವೇ ಅಲ್ಲದ ಚಳಿಗಾಲದಲ್ಲಿ, ಅಲ್ಲಿಯ ಗಾರ್ಲಂಡ್‌ನಲ್ಲಿ ಸುಂಟರಗಾಳಿಗೆ ಹಲವರು ಬಲಿಯಾದರು. ಅವರಲ್ಲಿ ಹೆಚ್ಚಿನವರು ಹೆದ್ದಾರಿಯಲ್ಲಿ ಕಾರಿನಲ್ಲಿದ್ದವರು. 2019ರ ಅಕ್ಟೋಬರ್ 20ರ ರಾತ್ರಿ ಉತ್ತರ ಡಲ್ಲಾಸಿನ ಮೇಲೆ ಇಎಫ್-3 ಹಾಯ್ದರೂ ಒಬ್ಬರೂ ಸಾಯಲಿಲ್ಲ.

ಆ ಭಾಗದ ಮನೆಗಳಲ್ಲಿ ನೆಲಮಾಳಿಗೆ ಇರುವುದು ಅಪರೂಪ. ಮೇಲಿನ ಅಂತಸ್ತಿನ ಅಪಾರ್ಟ್‌ಮೆಂಟಿನಲ್ಲಿರುವ ವಿದ್ಯಾರ್ಥಿಗಳು ಕೆಳಮನೆಯವರನ್ನು ಪರಿಚಯ ಮಾಡಿಕೊಂಡು, "ಸೈರನ್ ಆದರೆ ನಿಮ್ಮ ಮನೆಗೆ ಬರಬಹುದೇ?" ಎಂದು ಮೊದಲೇ ಕೇಳಿಟ್ಟುಕೊಳ್ಳುವುದು ಜಾಣತನ. ಮಕ್ಕಳ ಮನೆಗೆ ಹೋಗಿರುವ ಅಪ್ಪ-ಅಮ್ಮಂದಿರಿಗೂ ಇದನ್ನು ಹೇಳಿಕೊಡಬೇಕು. ಡಲ್ಲಾಸಿನಲ್ಲಿ ತಿಂಗಳ ಮೊದಲ ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ, ಒಕ್ಲಹೋಮ ಸಿಟಿಯಲ್ಲಿ ಶನಿವಾರ ಮಧ್ಯಾಹ್ನ ಪರೀಕ್ಷೆಗೆಂದು ಸೈರನ್ ಕೂಗಿಸುತ್ತಾರೆ, ಅದಕ್ಕೆ ಹೆದರಬೇಕಿಲ್ಲ. ಸೈರನ್ ಇರುವುದು ಬಯಲಲ್ಲಿರುವವರಿಗಾಗಿ. ಮಲಗಿದವರಿಗೆ ಕೇಳಿಸದೆ ಹೋಗಬಹುದು. ರಾತ್ರಿ ಫೋನನ್ನು ಪೂರ್ತಿ ಮೌನಕ್ಕೆ ಹಾಕದೆ, ತುರ್ತು ಎಚ್ಚರಿಕೆಯ ಸದ್ದು ಬರುವಂತೆ ಇಟ್ಟುಕೊಳ್ಳಬೇಕು.

ನಮ್ಮ ಉಪಖಂಡದಲ್ಲಿ

ಜಗತ್ತಿನಲ್ಲೇ ಅತಿ ಹೆಚ್ಚು ಜನರನ್ನು ಕೊಂದ ಸುಂಟರಗಾಳಿ ಬೀಸಿದ್ದು ಬಾಂಗ್ಲಾದೇಶದ ಮಾಣಿಕ್‌ಗಂಜ್ ಜಿಲ್ಲೆಯಲ್ಲಿ, 1989ರ ಏಪ್ರಿಲ್ 26ರಂದು. ಸತ್ತವರು ಸುಮಾರು 1,300. ಅಲ್ಲೂ ಹದ ಅದೇ: ಬಂಗಾಳ ಕೊಲ್ಲಿಯ ತೇವ, ಪಶ್ಚಿಮದ ಒಣಗಾಳಿ, ಮೇಲೆ ರಭಸದ ಹರಿವು. ಪಶ್ಚಿಮ ಬಂಗಾಳ, ಒಡಿಶಾಗಳಿಗೂ ಈ ಕಾಟ ಉಂಟು. ಮಾಣಿಕ್‌ಗಂಜ್‌ನಲ್ಲಿ ತಗಡಿನ ಚಾವಣಿ, ತೆಳು ಗೋಡೆ, ದಟ್ಟ ಜನವಸತಿ ಸೇರಿ ಸಾವು ಹೆಚ್ಚಿತು.

ನಮ್ಮ ಬಯಲುಸೀಮೆಯಲ್ಲಿ ಬೇಸಿಗೆಯ ನಡುಹಗಲು ಧೂಳೆಬ್ಬಿಸಿ ಸುತ್ತುವ ಸುಳಿಗಾಳಿ ಈ ಜಾತಿಯದಲ್ಲ. ಅದು ಕಾದ ನೆಲದಿಂದ ಏಳುತ್ತದೆ, ಮೋಡ ಬೇಕಿಲ್ಲ, ಬಲವೂ ಕಡಿಮೆ. ಏಪ್ರಿಲ್-ಮೇ ತಿಂಗಳ ಮಳೆಯಲ್ಲಿ ಬಾಳೆ, ಅಡಿಕೆ ತೋಟ ಮಲಗಿಸುವ ಗಾಳಿಯೂ ಅನೇಕ ಸಲ ಮೋಡದಿಂದ ಕೆಳಕ್ಕೆ ಸುರಿದು ನೆಲದ ಮೇಲೆ ಹರಡುವ ರಭಸದ ಗಾಳಿಯೇ. ಇದನ್ನು ಡೌನ್‌ಬರ್ಸ್ಟ್ ಎಂದು ಗುರುತಿಸಿದವರೂ ಫುಜಿಟಾ. ಅವರ ಉಪಾಯವನ್ನು ನಿಮ್ಮ ತೋಟದಲ್ಲೂ ಬಳಸಬಹುದು: ಗಿಡಗಳೆಲ್ಲ ಒಂದೇ ದಿಕ್ಕಿಗೆ, ಇಲ್ಲವೇ ಬೀಸಣಿಗೆಯಂತೆ ಹೊರಹೊರಕ್ಕೆ ಬಿದ್ದಿದ್ದರೆ ಡೌನ್‌ಬರ್ಸ್ಟ್, ಕಿರಿದಾದ ಪಟ್ಟಿಯೊಂದರಲ್ಲಿ ಒಂದರ ಮೇಲೊಂದು ಅಡ್ಡಾದಿಡ್ಡಿ, ಒಳಮುಖವಾಗಿ ಬಿದ್ದಿದ್ದರೆ ಗಾಳಿ ಸುತ್ತಿದೆ.

ಎರಡರಲ್ಲೂ ಹಾರುವ ತಗಡಿನ ಶೀಟು ಒಂದೇ, ಬೀಳುವ ಮರವೂ ಒಂದೇ. ತಗಡಿನ ಶೆಡ್ಡು, ಮರದ ಬುಡ, ಜಾಹೀರಾತು ಹಲಗೆಯ ನೆರಳು ಬಿಟ್ಟು ಆರ್‌ಸಿಸಿ ಕಟ್ಟಡದ ಕೆಳಗಿನ ಒಳಕೋಣೆ ಸೇರುವುದೇ ಇಲ್ಲೂ ನಿಯಮ. ಗಾಳಿ ನಿಂತ ಮೇಲೆ ತುಂಡಾಗಿ ಬಿದ್ದ ವಿದ್ಯುತ್ ತಂತಿಯ ಹತ್ತಿರ ಹೋಗಬೇಡಿ. ಗ್ಯಾಸಿನ ವಾಸನೆ ಬಂದರೆ ಕಡ್ಡಿ ಗೀರಬೇಡಿ, ಸ್ವಿಚ್ಚು ಒತ್ತಬೇಡಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಬನ್ನಿ.

ಇದನ್ನು ಮುಚ್ಚಿಡುವ ಮುನ್ನ ಒಂದು ಕೆಲಸ ಮಾಡಿ. ಮನೆಮಂದಿಯನ್ನೆಲ್ಲ ಕರೆದು ನಿಮ್ಮ ಮನೆಯಲ್ಲಿ ಆ ಕೋಣೆ ಯಾವುದು, ಅಜ್ಜಿಯನ್ನು ಯಾರು ಕರೆತರಬೇಕು, ಮಗುವನ್ನು ಯಾರು ಎತ್ತಿಕೊಳ್ಳಬೇಕು, ಟಾರ್ಚು ಎಲ್ಲಿರಬೇಕು ಎಂದು ನಿರ್ಧರಿಸಿ. ಆಮೇಲೆ ಒಂದು ಸಲ ಎಲ್ಲರೂ ಆ ಕೋಣೆಗೆ ಹೋಗಿ ಕೂತು, ಎಷ್ಟು ಹೊತ್ತು ಹಿಡಿಯಿತು ಎಂದು ಗಡಿಯಾರ ನೋಡಿ. ಎರಡು ನಿಮಿಷಕ್ಕಿಂತ ಹೆಚ್ಚಾಗಿದ್ದರೆ ಇನ್ನೊಮ್ಮೆ ಮಾಡಿ.