ಆಟದ ಮುದುಕಿ ಮನೆಗೆ ಬಂದಾಗ

ಸೋದರಿಯರೇ, ನಿಮ್ಮ ಮಕ್ಕಳು ಮೊಬೈಲಿನಲ್ಲಿ ಏನು ಆಡುತ್ತಾರೆಂದು ಎಂದಾದರೂ ಪಕ್ಕದಲ್ಲಿ ಕೂತು ನೋಡಿದ್ದೀರಾ? ನಾನಂತೂ ನೋಡಿರಲಿಲ್ಲ. ರೊಟ್ಟಿ ಬಡಿಯುವ ಹೊತ್ತಿನಲ್ಲಿ ಹುಡುಗ ಸುಮ್ಮನಿದ್ದರೆ ಸಾಕಾಗಿತ್ತು.

ಇಂಡಿಯ ನಮ್ಮ ಮನೆಯಲ್ಲಿ ಒಂದು ರಾತ್ರಿ ಅತ್ತೆಯವರು ಕೋಲು ಊರಿಕೊಂಡು ಬಚ್ಚಲಿಗೆ ಹೊರಟಿದ್ದರು. ಹತ್ತು ವರ್ಷದ ಮಗ ಎದ್ದು ಕೂತು ಚಿಟ್ಟನೆ ಚೀರಿದ. "ಅವ್ವಾ, ಆಕಿ ಬಂದ್ಲು! ಬಾಗಿಲಾ ಹಾಕು!" ಆಕಿ ಎಂದರೆ ಯಾರು? ಹುಟ್ಟಿದಾಗಿನಿಂದ ಮಗ್ಗುಲಲ್ಲಿ ಮಲಗಿಸಿಕೊಂಡು ಕತೆ ಹೇಳಿದ ಆಯಿ! ಮರುದಿನದಿಂದ ಅವರ ಹತ್ತಿರ ಮಲಗಲು ಒಲ್ಲೆನೆಂದ. "ನನ್ನ ಮಾರಿ ಅಷ್ಟು ಕೆಟ್ಟ ಆಗೇತೇನವ್ವಾ?" ಎಂದು ಅತ್ತೆಯವರು ಕೇಳಿದಾಗ ನನಗೆ ಬಾಯಿಗೆ ಮಾತು ಬರಲಿಲ್ಲ.

ಗದರಿಸದೆ ಕೇಳಿದ ಮೇಲೆ ಹುಡುಗ ಬಾಯಿ ಬಿಟ್ಟ. ಕತ್ತಲ ಮನೆ, ಬೀಗ ಹಾಕಿದ ಬಾಗಿಲು. ಒಳಗೊಬ್ಬ ಮುದುಕಿ, ಕೈಯಲ್ಲಿ ಬಡಿಗೆ. ಏನಾದರೂ ಬಿದ್ದು ಸಪ್ಪಳವಾದರೆ ಬಂದೇಬಿಡುತ್ತಾಳೆ. ಮಂಚದ ಕೆಳಗೆ ಅಡಗಬೇಕು. ಇಂಥ ಸಣ್ಣ ಆಟಗಳನ್ನು ಎಷ್ಟೋ ಸಲ ಒಬ್ಬಿಬ್ಬರೇ ಕೂತು ಮಾಡುತ್ತಾರಂತೆ. ಖರ್ಚಿಗೆ ದುಡ್ಡಿಲ್ಲ, ಹೆದರಿಕೆಯೇ ಬಂಡವಾಳ. ಬಹಳ ಹೊತ್ತು ಸದ್ದೇ ಇಲ್ಲ, ಆಮೇಲೆ ಹೆಜ್ಜೆ ಸಪ್ಪಳ, ಒಮ್ಮೆಲೇ ಕಣ್ಣೆದುರು ಆ ಮುಖ!

ನಗಬೇಡಿ, ನಾವೂ ಹೆದರಿದವರೇ. 1990ರ ದಶಕದಲ್ಲಿ ನಾನು ಮುದ್ದೇಬಿಹಾಳದಲ್ಲಿ ಶಾಲೆ ಹುಡುಗಿ. ರಾತ್ರಿ ಹೆಂಗಸೊಬ್ಬಳು ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತಾಳೆ, ಬಾಗಿಲು ತೆರೆದರೆ ಸಾವು ಎಂಬ ಸುದ್ದಿ ಬೆಂಗಳೂರು ಮೊದಲಾಗಿ ರಾಜ್ಯದ ಎಷ್ಟೋ ಕಡೆ ಹಬ್ಬಿತ್ತಲ್ಲ? ಅದಕ್ಕೆ ಉಪಾಯ, ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುವುದು. ಆಕೆ ಓದಿ ಹೋಗುತ್ತಾಳೆ, ಮರುರಾತ್ರಿ ಬಂದು ಮತ್ತೆ ಅದನ್ನೇ ಓದುತ್ತಾಳೆ! ನಮ್ಮ ಬಾಗಿಲಿಗೆ ಸೀಮೆಸುಣ್ಣದಿಂದ ನಾನೇ ಬರೆದಿದ್ದೆ. ಸಿಂದಗಿಯ ಚಿಗವ್ವನ ಓಣಿಯಲ್ಲೂ ಅದೇ ಬರಹ. ದೆವ್ವ ಕನ್ನಡ ಸಾಲೆ ಯಾವಾಗ ಕಲಿಯಿತೆಂದು ಒಬ್ಬರೂ ಕೇಳಲಿಲ್ಲ. 2018ರಲ್ಲಿ 'ಸ್ತ್ರೀ' ಎಂಬ ಹಿಂದಿ ಚಿತ್ರ ಬಂದಾಗ, ಅದಕ್ಕೆ ನಮ್ಮ ಈ 'ನಾಳೆ ಬಾ' ಸುದ್ದಿಯೇ ಪ್ರೇರಣೆಯೆಂದು ಪತ್ರಿಕೆಗಳು ಬರೆದವು.

ಆದರೆ ಆಗ ಓಣಿಗೆ ಓಣಿಯೇ ಹೆದರಿತ್ತು. ಬೆಳಗಾದರೆ ನೀರಿನ ನಳದ ಹತ್ತಿರ ಎಲ್ಲರೂ ಕೂಡಿ ಮಾತಾಡಿ ನಗುತ್ತಿದ್ದೆವು. ನನ್ನ ಮಗನದು ಇಯರ್‌ಫೋನಿನೊಳಗಿನ ಹೆದರಿಕೆ, ಪಕ್ಕದಲ್ಲಿ ಕೂತ ನನಗೂ ಕೇಳಿಸಲಿಲ್ಲ.

ಬಸವನ ಬಾಗೇವಾಡಿಯ ನಾದಿನಿ ಫೋನಿನಲ್ಲಿ "ತಾಯತ ಕಟ್ಟಸ್ರಿ ವೈನಿ" ಎಂದಳು. ನಾನು ಮಕ್ಕಳ ಡಾಕ್ಟರರ ಹತ್ತಿರ ಹೋದೆ. ಮಲಗುವ ಒಂದು ತಾಸು ಮೊದಲೇ ಮೊಬೈಲು ತೆಗೆದಿಡಿ, ಹೆದರಿದ್ದಕ್ಕೆ ಬೈಯಬೇಡಿ, ಹಾಸ್ಯವನ್ನೂ ಮಾಡಬೇಡಿ ಎಂದರು. ಕೆಟ್ಟ ಕನಸುಗಳು ಹೆಚ್ಚಾಗಿ ಬೆಳಗಿನ ಜಾವದ ಕಡೆ ಬೀಳುತ್ತವಂತೆ. ಆಗ ಎಬ್ಬಿಸಿ ಪ್ರಶ್ನೆ ಕೇಳುತ್ತ ಕೂಡದೆ, ಮೈ ಸವರಿ ಮಲಗಿಸಿದರೆ ಸಾಕು. ವಾರಗಟ್ಟಲೆ ನಿದ್ದೆ ಕೆಟ್ಟರೆ ಮತ್ತೆ ಡಾಕ್ಟರರಿಗೆ ತೋರಿಸಬೇಕು. ಸರಕಾರದ ಟೆಲಿ ಮಾನಸ್ ಎಂಬ ಸಹಾಯವಾಣಿಯೂ ಇದೆ, 14416ಕ್ಕೆ ಹಗಲು ರಾತ್ರಿ ಯಾವಾಗಲೂ ಪುಕ್ಕಟೆ ಮಾತಾಡಬಹುದು.

ಇನ್ನೊಂದು ಮದ್ದನ್ನು ನಾನೇ ಮಾಡಿದೆ. ಭಾನುವಾರ ಮಧ್ಯಾಹ್ನ ಅಂಗಳದ ಬಿಸಿಲಲ್ಲಿ ಮಗನನ್ನೂ ಅತ್ತೆಯವರನ್ನೂ ಕೂಡಿಸಿ, ಸದ್ದು ಪೂರ್ತಿ ತೆಗೆದು, ಅದೇ ಆಟ ಹಚ್ಚಿಸಿದೆ. ಸದ್ದಿಲ್ಲದ ಮುದುಕಿ ಅಷ್ಟೇನೂ ಭಯಂಕರವಾಗಿರಲಿಲ್ಲ. ಅತ್ತೆಯವರು ಚಷ್ಮಾ ಏರಿಸಿ ಬಹಳ ಹೊತ್ತು ನೋಡಿದರು.

"ಇಷ್ಟು ದೊಡ್ಡ ಮನಿಯಾಗ ಒಬ್ಬಾಕಿನ್ನ ಬಿಟ್ಟು ಎಲ್ಲಾರೂ ಎಲ್ಲಿ ಹೋಗ್ಯಾರೋ? ಆಕಿಗೆ ಉಣ್ಣಾಕ ಯಾರು ಕೊಡ್ತಾರ?"

ಹುಡುಗ ಆಟ ನಿಲ್ಲಿಸಿ ಅವರ ಮುಖ ನೋಡಿದ. "ಗೊತ್ತಿಲ್ಲ ಆಯಿ" ಎಂದ.

ನಾಲ್ಕು ದಿನವಾದ ಮೇಲೆ ತನ್ನ ಕೌದಿ ಎಳೆದುಕೊಂಡು ಅವರ ಮಗ್ಗುಲಿಗೆ ಹೋದ. ಪಡಸಾಲೆಯ ಸಣ್ಣ ಬಲ್ಬನ್ನು ಮಾತ್ರ ನಾವಿನ್ನೂ ಆರಿಸುತ್ತಿಲ್ಲ.