ವಿದೇಶಿ ನೆರವು ಮತ್ತು ತುಮಕೂರಿನ ಪಾಠ

ಕೊರೊನಾ ಹಾವಳಿ ತಗ್ಗಿದ ಬಳಿಕ ಆರೋಗ್ಯ ವ್ಯವಸ್ಥೆಯನ್ನು ಬಲಪಡಿಸಲೆಂದು ಭಾರತ ಸರ್ಕಾರ 2023ರ ಮಾರ್ಚ್‌ನಲ್ಲಿ ವಿಶ್ವಬ್ಯಾಂಕಿನೊಡನೆ ತಲಾ 50 ಕೋಟಿ ಡಾಲರುಗಳ ಎರಡು ಸಾಲಗಳಿಗೆ ಸಹಿ ಹಾಕಿತು. ಇಂಥ ಹಣದಿಂದ ಹಳ್ಳಿಯ ರೋಗಿಗೆ ದೊರೆಯುವುದೇನು? ಉತ್ತರ ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಇದೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಈ ಸಂಸ್ಥೆ 1960-61ರಲ್ಲಿ ತುಮಕೂರು ಜಿಲ್ಲೆಯಲ್ಲಿ ಕ್ಷಯದ ಸಮೀಕ್ಷೆ ನಡೆಸಿತು. ಅಲ್ಲಿ ಪತ್ತೆಯಾದ ರೋಗಿಗಳನ್ನು ಡಾ. ಬ್ಯಾನರ್ಜಿ ಮತ್ತು ಆಂಡರ್ಸನ್ ಮಾತನಾಡಿಸಿದರು. ಹಳ್ಳಿಯವರು ರೋಗವನ್ನು ಅಲಕ್ಷಿಸುತ್ತಾರೆಂಬ ನಂಬಿಕೆ ಸುಳ್ಳಾಯಿತು. ಹೆಚ್ಚಿನವರಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಅದಾಗಲೇ ಆಸ್ಪತ್ರೆಗೆ ಹೋಗಿ, ಕೆಮ್ಮಿನ ಔಷಧದ ಬಾಟಲಿಯೊಂದಿಗೆ ಮರಳಿದ್ದರು! ಆದ್ದರಿಂದ ಸಾಮಾನ್ಯ ಆಸ್ಪತ್ರೆಗಳಲ್ಲೇ ಕಫ ಪರೀಕ್ಷಿಸಿ, ಅಲ್ಲೇ ಚಿಕಿತ್ಸೆ ನೀಡುವ ಕ್ರಮ ರಾಷ್ಟ್ರೀಯ ಕಾರ್ಯಕ್ರಮದ ತಳಹದಿಯಾಯಿತು.

ಆದರೆ ಸಲಕರಣೆ ಬಂದ ಮಾತ್ರಕ್ಕೆ ರೋಗ ಹೋಗದು. ಔಷಧಗಳ ಕೊರತೆಯಿಂದ, ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವವರಿಂದ ಕಾರ್ಯಕ್ರಮ ಕುಂಟುತ್ತಿದೆಯೆಂದು 1992ರ ಪರಿಶೀಲನೆ ತಿಳಿಸಿತು. 1997ರಲ್ಲಿ ವಿಶ್ವಬ್ಯಾಂಕಿನ ಸಾಲದೊಂದಿಗೆ ಪರಿಷ್ಕೃತ ಕಾರ್ಯಕ್ರಮ ಬಂತು. ರೋಗಿ ಆರೋಗ್ಯ ಕಾರ್ಯಕರ್ತರ ಕಣ್ಣೆದುರೇ ಮಾತ್ರೆ ನುಂಗುವ ಪದ್ಧತಿ ದೇಶದಾದ್ಯಂತ ಹಬ್ಬಿತು.

2020ರಲ್ಲಿ ಕ್ಷಯ ಪತ್ತೆಯ ಯಂತ್ರಗಳನ್ನೇ ಕೊರೊನಾ ಪರೀಕ್ಷೆಗೂ ಬಳಸಲಾಯಿತು. ಇದು ಹಿಂದೆ ಹೂಡಿದ ಹಣದ ಫಲ. ಆದರೆ ಅದೇ ವರ್ಷ ದೇಶದಲ್ಲಿ ದಾಖಲಾದ ಕ್ಷಯ ರೋಗಿಗಳ ಸಂಖ್ಯೆ 24 ಲಕ್ಷದಿಂದ 18 ಲಕ್ಷಕ್ಕೆ ಇಳಿಯಿತು. ರೋಗ ಕಡಿಮೆಯಾಗಿರಲಿಲ್ಲ, ಪತ್ತೆಯಾಗುವುದು ಕಡಿಮೆಯಾಗಿತ್ತು. ಹೊಸ ರೋಗ ಬಂದಾಗ ಹಳೆಯದನ್ನು ಮರೆಯದ ವ್ಯವಸ್ಥೆಯೇ ನಿಜವಾಗಿ ಬಲವಾದದ್ದು. ಹೊರಗಿನ ಹಣ ಇಂದು ಬರುತ್ತದೆ, ನಾಳೆ ನಿಲ್ಲುತ್ತದೆ. ಪ್ರಯೋಗಾಲಯದ ತಂತ್ರಜ್ಞ, ದಾದಿ, ತಪ್ಪದೆ ಸಿಗುವ ಮಾತ್ರೆ ಇವು ನಮ್ಮವಾಗಿ ಉಳಿಯಬೇಕು.

ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಅಂಗಡಿಯ ಸಿರಪ್ ಕುಡಿದು, ಕೊನೆಗೆ ವೈದ್ಯರ ಬಳಿ ಬರುವವರು ಇಂದಿಗೂ ಇದ್ದಾರೆ. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ - ಇವುಗಳಲ್ಲಿ ಯಾವುದೇ ಕಂಡರೂ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿಕೊಳ್ಳಿ. ಪರೀಕ್ಷೆ, ಔಷಧ ಎರಡೂ ಉಚಿತ. ಪೌಷ್ಟಿಕ ಆಹಾರಕ್ಕೆಂದು 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ನೆರವೂ ಇದೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಬೇಕು. ಕೆಮ್ಮು ನಿಂತಿತೆಂದು ಮಾತ್ರೆ ಬಿಡಬೇಡಿ. ವೈದ್ಯರು ಕಫ ಪರೀಕ್ಷೆಗೆ ಬರೆದುಕೊಡದಿದ್ದರೆ, ನೀವೇ ಕೇಳಿ ಬರೆಸಿಕೊಳ್ಳಿ.